ಓದಿನ ಜಗಲಿ: ಶನಿವಾರ ರಾತ್ರಿ ಎಂಟೂವರೆಗೆ ‘ಸೊಲಾರಿಸ್’

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ಕಾದಂಬರಿಯ ಸುತ್ತ ಇದ್ದವು. ಮಳೆಗಾಲದ ಮಹಿಮೆ ಇರಬೇಕು. ಮಕ್ಕಳಿಗೆ ಒಳ್ಳೆಯ ಕಥೆ ಪುಸ್ತಕ ಯಾವುದು ಎಂದು ಕೇಳಿದ ಪುತ್ತೂರಿನವರು ದಯವಿಟ್ಟು ಮುಂದಿನ ಸಂಚಿಕೆಯ ತನಕ ಕಾಯಿರಿ.

ಪ್ರಶ್ನೆ: ನಮಸ್ಕಾರ ಅಕ್ಕ. ನಾನು ಮಲ್ಪೆ ಬಂದರಿನ ಒಂದು ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವನು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಹಾಗಾಗಿ ನನಗೂ ಕೆಲಸ ಕಮ್ಮಿ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಒಂದು ಆನ್‌ಲೈನ್ ಓದಿನ ಗುಂಪಿಗೆ ಸೇರಿಸಿದ. ‘ಸೊಲಾರಿಸ್’ ಎಂಬ ಕಾದಂಬರಿ, ಇಂಗ್ಲಿಷಿನಲ್ಲಿ. ವಾರಕ್ಕೆ ಎರಡು ಅಧ್ಯಾಯ ಓದಿಕೊಂಡು ಶನಿವಾರ ರಾತ್ರಿ ಎಂಟೂವರೆಗೆ ಎಲ್ಲರೂ ಸೇರಿ ಮಾತಾಡುವುದು. ಒಟ್ಟು 14 ಅಧ್ಯಾಯ, ಏಳು ವಾರ. ಮೊದಲ ಅಧ್ಯಾಯ ಚೆನ್ನಾಗಿ ಓಡಿತು. ಎರಡನೆಯದರಲ್ಲಿ ಸಿಕ್ಕಿಬಿದ್ದೆ. ಬರೀ ಸಿದ್ಧಾಂತ, ಬರೀ ವಿದ್ವಾಂಸರ ಹೆಸರು. ಗುಂಪಿನಲ್ಲಿ ಎಲ್ಲರೂ ತತ್ವಶಾಸ್ತ್ರ ಮಾತಾಡುತ್ತಾರೆ. ಒಬ್ಬರು ಕಾಂಟ್ ಎನ್ನುತ್ತಾರೆ, ಇನ್ನೊಬ್ಬರು ಹೌದು ಹೌದು ಎನ್ನುತ್ತಾರೆ. ನಾನು ಹತ್ತನೆಯ ತನಕ ಕನ್ನಡ ಮೀಡಿಯಂ, ಆಮೇಲೆ ಬಿಕಾಂ. ಎರಡು ವಾರ ಮೈಕ್ ಬಂದ್ ಮಾಡಿ ಕೂತೆ. ಬಿಟ್ಟುಬಿಡಲಾ? ನನಗೆ ಗೊತ್ತಿರುವುದು ಕಡಲು ಮಾತ್ರ, ಅದೂ ದಡದಿಂದ.
— ಒಬ್ಬ ಓದುಗ, ಮಲ್ಪೆ

ಉತ್ತರ: ಬಿಡಬೇಡಿ ತಮ್ಮ. ಯಾಕೆಂದು ಆಮೇಲೆ ಹೇಳುತ್ತೇನೆ. ಮೊದಲು ಒಂದು ಗುಟ್ಟು. ಸೊಲಾರಿಸ್ ಗ್ರಹದ ಬಗ್ಗೆ ಗ್ರಂಥ ಬರೆದರು ಎಂದು ಆ ಎರಡನೆಯ ಅಧ್ಯಾಯದಲ್ಲಿ ಬರುತ್ತಾರಲ್ಲ, ಆ ವಿದ್ವಾಂಸರು ಯಾರೂ ಭೂಮಿಯ ಮೇಲೆ ಇದ್ದವರಲ್ಲ. ಲೇಖಕ ಸ್ಟಾನಿಸ್ಲಾವ್ ಲೆಮ್ ಕೂತು ಕಟ್ಟಿದ ಹೆಸರುಗಳು ಅವು. ಗ್ರಂಥಗಳೂ ಕಟ್ಟಿದ್ದು, ಜಗಳಗಳೂ ಕಟ್ಟಿದ್ದು. ನಿಮ್ಮ ಗುಂಪಿನಲ್ಲಿ ಯಾರಾದರೂ ಆ ಹೆಸರು ಕೇಳಿ ಮೊದಲೇ ಗೊತ್ತಿದ್ದವರ ಹಾಗೆ ತಲೆ ಆಡಿಸಿದ್ದರೆ, ಮುಂದಿನ ಶನಿವಾರ ಅವರ ಮುಖವನ್ನು ಸ್ವಲ್ಪ ಸರಿಯಾಗಿ ನೋಡಿ.

ನಾನು ಬ್ಯಾಂಕಿನಲ್ಲಿ 34 ವರ್ಷ ಇದ್ದವಳು. ಆ ಅಧ್ಯಾಯ ಓದುವಾಗ ನನಗೆ ನೆನಪಾದದ್ದು ನಮ್ಮ ಶಾಖೆಯ ಸರ್ಕ್ಯುಲರ್ ಫೈಲು. ಮಾರ್ಚಿನಲ್ಲಿ ಒಂದು ಸುತ್ತೋಲೆ ಬರುತ್ತಿತ್ತು. ಜೂನಿನಲ್ಲಿ ಅದನ್ನು ರದ್ದು ಮಾಡುವ ಇನ್ನೊಂದು. ಅಕ್ಟೋಬರಿನಲ್ಲಿ ಎರಡನ್ನೂ ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂದು ಮೂರನೆಯದು. ಕಪಾಟು ತುಂಬಿತೇ ಹೊರತು ಕೌಂಟರಿನ ಎದುರು ನಿಂತವನ ಸಮಸ್ಯೆ ಹಾಗೇ ಇತ್ತು. ಲೆಮ್ ಮಾಡಿದ್ದು ಅದೇ ತಮಾಷೆ. ನೂರಕ್ಕೂ ಜಾಸ್ತಿ ವರ್ಷ ಜನ ಒಂದು ಸಮುದ್ರವನ್ನು ನೋಡಿ ನೋಡಿ ಲೈಬ್ರರಿ ತುಂಬಿಸಿದ್ದಾರೆ, ಸಮುದ್ರ ಏನು ಎಂದು ಮಾತ್ರ ಗೊತ್ತಾಗಲಿಲ್ಲ. ಆ ಅಧ್ಯಾಯವನ್ನು ಪರೀಕ್ಷೆಗೆ ಓದಿದ ಹಾಗೆ ಓದಬೇಡಿ. ಊರಿನ ಹಳೆ ಜಗಳದ ಕಥೆ ಕೇಳುವ ಹಾಗೆ ಓದಿ. ಹೆಸರು ಮರೆತರೆ ನಷ್ಟ ಇಲ್ಲ. ಗೀಸೆ ಎಂಬ ಒಬ್ಬನನ್ನು ಮಾತ್ರ ನೆನಪಿಟ್ಟುಕೊಳ್ಳಿ. ಕಲ್ಪನೆ ಎಂದರೆ ಆಗದ, ಎಲ್ಲವನ್ನೂ ಪಟ್ಟಿ ಮಾಡಿ ಹೆಸರಿಟ್ಟ ಒಣ ಮನುಷ್ಯ ಅವನು. ಮುಂದೆ ಒಂದು ಕಡೆ ಅದೇ ಸಮುದ್ರ ಅವನನ್ನು ನುಂಗುತ್ತದೆ. ಅಲ್ಲಿಗೆ ಬಂದಾಗ ನನ್ನನ್ನು ನೆನೆಯಿರಿ.

ಪುಸ್ತಕ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಲೆಮ್ ಪೋಲೆಂಡಿನವರು, ವೈದ್ಯಕೀಯ ಓದಿದವರು. ಈ ಕಾದಂಬರಿ 1961ರದ್ದು. ಎರಡು ಸೂರ್ಯರ ಸುತ್ತ ಇರುವ ಒಂದು ಗ್ರಹ. ಅದರ ಮೈತುಂಬ ಒಂದೇ ಸಮುದ್ರ, ಆ ಸಮುದ್ರಕ್ಕೆ ಜೀವ ಇದೆ. ಮೇಲೆ ತೇಲುವ ಒಂದು ನಿಲ್ದಾಣದಲ್ಲಿ ಸಂಶೋಧಕರು. ಕೆಲ್ವಿನ್ ಎಂಬ ಮನಶ್ಶಾಸ್ತ್ರಜ್ಞ ಅಲ್ಲಿಗೆ ಬಂದಾಗ ಒಬ್ಬ ಆತ್ಮಹತ್ಯೆ ಮಾಡಿಕೊಂಡಿದ್ದಾನೆ, ಇನ್ನೊಬ್ಬ ಕುಡಿದು ನಡುಗುತ್ತಿದ್ದಾನೆ, ಮತ್ತೊಬ್ಬ ಲ್ಯಾಬಿನ ಬಾಗಿಲು ಹಾಕಿಕೊಂಡಿದ್ದಾನೆ. ಕೆಲ್ವಿನ್ ಮಲಗಿ ಎದ್ದಾಗ ಎದುರಿಗೆ ಅವನ ಹೆಂಡತಿ ಕೂತಿದ್ದಾಳೆ. ಹತ್ತು ವರ್ಷದ ಹಿಂದೆ ಸತ್ತವಳು. ಅವನ ನೆನಪನ್ನು ಹೆಕ್ಕಿ ಸಮುದ್ರ ಮಾಡಿ ಕಳಿಸಿದವಳು.

ಈಗ ನಿಮ್ಮ ಕಡಲಿನ ವಿಷಯ. ದಡದಿಂದ ಮಾತ್ರ ಗೊತ್ತು ಎಂದು ಬರೆದಿದ್ದೀರಿ. ಕಾದಂಬರಿಯಲ್ಲಿ ಇರುವವರಿಗೂ ಅಷ್ಟೇ ಗೊತ್ತಿರುವುದು ಮಾರಾಯ್ರೆ! ಒಂದು ವರ್ಷ ಬೂತಾಯಿ ಮೀನು ರಾಶಿ ರಾಶಿ ಬೀಳುತ್ತದೆ, ಕೇಳುವವರಿಲ್ಲ. ಮರುವರ್ಷ ಬುಟ್ಟಿ ಖಾಲಿ. ಯಾಕೆ ಎಂದು ಬಂದರಿನಲ್ಲಿ ಹತ್ತು ಜನರನ್ನು ಕೇಳಿ ನೋಡಿ. ಬೋಟು ನಡೆಸುವ ತಾಂಡೇಲನ ಲೆಕ್ಕ ಬೇರೆ, ಬಲೆ ಹೊಲಿಯುವವರ ಲೆಕ್ಕ ಬೇರೆ, ಏಲಂ ಕೂಗುವವರದ್ದು ಬೇರೆ, ಸಂಶೋಧಕರದ್ದು ಇನ್ನೂ ಬೇರೆ. ನೀವು ದಿನಾ ಕೇಳುವ ಈ ಮಾತುಗಳೇ ಆ ಎರಡನೆಯ ಅಧ್ಯಾಯ. ಇನ್ನೊಂದು: ಮಲ್ಪೆಯಿಂದ ದೋಣಿ ಹಿಡಿದು ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿನ ಹಲವು ಮುಖಗಳ ಕಲ್ಲುಕಂಬ ನೋಡಿ ಯಾರೋ ಕೂತು ಕೆತ್ತಿದ್ದಾರೆ ಎಂದುಕೊಳ್ಳುತ್ತಾರೆ. ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕು ಬಿಟ್ಟು ಹಾಗಾದದ್ದು ಅದು. ಕೈಯೇ ಇಲ್ಲದೆ ಆದ ಕೆತ್ತನೆ. ಎಂಟನೆಯ ಅಧ್ಯಾಯದಲ್ಲಿ ಸೊಲಾರಿಸ್ ಸಮುದ್ರ ಏನೇನೋ ಆಕಾರ ಎಬ್ಬಿಸುತ್ತದೆ. ಮಿಮಾಯ್ಡ್ ಅಂತೆ, ಸಿಮೆಟ್ರಿಯಾಡ್ ಅಂತೆ. ಗುಂಪಿನವರು ಆಗ ಅದಕ್ಕೆ ಉದ್ದೇಶ ಉಂಟಾ ಇಲ್ಲವಾ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ನೀವು ದ್ವೀಪದ ಕಂಬ ಹೇಳಿ. ಕಾಂಟ್‌ನ ಹೆಸರು ಹೇಳಿದವರೂ ಒಂದು ನಿಮಿಷ ಸುಮ್ಮನಾಗುತ್ತಾರೆ.

ನಮ್ಮ ಗುಂಪಿನ ಕಥೆ ಹೇಳುತ್ತೇನೆ. 2021ರ ಮಳೆಗಾಲ. ನನ್ನ ಅಕ್ಕನ ಮಗಳು ಶುರು ಮಾಡಿದ್ದು. ಕಾಸರಗೋಡಿನಿಂದ ಕುಂದಾಪುರದ ತನಕ ಹನ್ನೊಂದು ಜನ. ಒಬ್ಬರು ಮಸ್ಕತ್‌ನಲ್ಲಿ, ನಮಗೆ ರಾತ್ರಿ ಎಂಟೂವರೆ ಆದರೆ ಅವರಿಗೆ ಏಳು. ಕೆಲವೊಮ್ಮೆ ಅವರ ಹಿಂದೆ ಕುಕ್ಕರ್ ಕೂಗುತ್ತಿತ್ತು. ಕೊನೆಯ ಅಧ್ಯಾಯಕ್ಕೆ ಉಳಿದವರು ಐದು. ಇದು ಸೋಲು ಎಂದು ನನಗೆ ಅನಿಸುವುದಿಲ್ಲ. ಮದುವೆಗೆ ಬಂದವರೆಲ್ಲ ಕೊನೆಯ ಪಂಕ್ತಿಯ ತನಕ ನಿಲ್ಲುತ್ತಾರಾ?

ಮೊದಲ ಎರಡು ವಾರ ನಾನೂ ನಿಮ್ಮ ಹಾಗೆ ಬಾಯಿ ಮುಚ್ಚಿ ಕೂತೆ. ಮೂರನೆಯ ವಾರ ಒಂದು ಸಣ್ಣ ವಿಷಯ ಬಂತು. ಸತ್ತ ಹೆಂಡತಿ ಬರುತ್ತಾಳಲ್ಲ, ಅವಳು ಹಾಕಿದ ಬಟ್ಟೆಗೆ ಬಿಚ್ಚುವ ದಾರಿಯೇ ಇಲ್ಲ. ಬಟನ್ ಇವೆ, ಅಂದಕ್ಕೆ ಮಾತ್ರ. ಕೊನೆಗೆ ಕತ್ತರಿಯಲ್ಲಿ ಕತ್ತರಿಸಬೇಕಾಗುತ್ತದೆ. ನಾನು ಓದುವಾಗ ಇದನ್ನು ‘ವಿಚಿತ್ರ’ ಎಂದು ದಾಟಿ ಹೋಗಿದ್ದೆ. ಆ ದಿನ ಗುಂಪಿನ ಒಬ್ಬರು ಆ ಭಾಗ ಬಂದಾಗ ಕ್ಯಾಮೆರಾ ಬಂದ್ ಮಾಡಿದರು. ಅವರ ಮನೆಯವರು ಅದೇ ವರ್ಷ ತೀರಿಕೊಂಡಿದ್ದರು. ನಾವು ಯಾರೂ ಏನೂ ಕೇಳಲಿಲ್ಲ. ಮುಂದಿನ ಶನಿವಾರ ಅವರೇ ಮಾತಾಡಿದರು. “ಅವರು ಯಾವಾಗಲೂ ಹಾಕುತ್ತಿದ್ದ ಬೂದು ಶರ್ಟು ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಆದರೆ ಕಿಸೆ ಎಡಗಡೆಯಾ, ಕಿಸೆಗೆ ಬಟನ್ ಇತ್ತಾ, ಎಷ್ಟು ನೆನೆದರೂ ಬರುವುದಿಲ್ಲ. ಸಮುದ್ರ ನನ್ನ ನೆನಪು ನೋಡಿ ಅವರನ್ನು ಮಾಡಿದ್ದರೆ ಅವರ ಶರ್ಟೂ ಹಾಗೇ ಬರುತ್ತಿತ್ತು.” ಅಷ್ಟೇ ಹೇಳಿದರು. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಆಗ ನನಗೆ ಆ ಬಟ್ಟೆಯ ಲೆಕ್ಕ ಸಿಕ್ಕಿತು. ನಾವು ಪ್ರೀತಿಸಿದವರನ್ನೂ ಪೂರ್ತಿ ನೋಡಿರುವುದಿಲ್ಲ. ನೆನಪಿನಲ್ಲಿ ಅವರ ಬಟನ್ ಬಿಚ್ಚುವುದಿಲ್ಲ. ಇದನ್ನು ನಾನೊಬ್ಬಳೇ ಕುಂಜಿಬೆಟ್ಟಿನ ಮನೆಯಲ್ಲಿ ಕೂತು ಹತ್ತು ಸಲ ಓದಿದರೂ ಕಾಣುತ್ತಿರಲಿಲ್ಲ.

ಇನ್ನೊಂದು ಸಂಜೆ ಕಾಸರಗೋಡಿನವರು ಒಂದು ಮಾತು ಹೇಳಿದರು. ಕಾದಂಬರಿಯಲ್ಲಿ ವಿಜ್ಞಾನಿಗಳು ಸಮುದ್ರಕ್ಕೆ ಬಲವಾದ ಎಕ್ಸ್‌ರೇ ಹಾಯಿಸುತ್ತಾರೆ. ಅದಾದ ಮೇಲೆಯೇ ಆ ಹೆಂಡತಿಯಂಥ ‘ಅತಿಥಿಗಳು’ ಬರಲು ಶುರು. “ನಮ್ಮಲ್ಲಿ ದೈವದ ಎದುರು ನಿಂತು ಅರಿಕೆ ಮಾಡಿಕೊಳ್ಳುತ್ತೇವೆ, ದೈವ ನುಡಿ ಕೊಡುತ್ತದೆ. ಇವರು ಏನು ಕೇಳಿದ್ದೇವೆ ಎಂದು ಗೊತ್ತಿಲ್ಲದೆ ಕೇಳಿದ್ದಾರೆ. ಉತ್ತರ ಬಂದಾಗಿದೆ. ಈಗ ಪ್ರಶ್ನೆ ಹುಡುಕುತ್ತಿದ್ದಾರೆ” ಎಂದರು. ಅವರು ತತ್ವಶಾಸ್ತ್ರ ಓದಿದವರಲ್ಲ. ಅಡಿಕೆ ತೋಟ ನೋಡಿಕೊಂಡು ಇರುವವರು.

ಹಾಗಾಗಿ ಮುಂದಿನ ಶನಿವಾರ ನೀವು ಮೊದಲೇ ಮಾತಾಡಿಬಿಡಿ. ಮೂರು ಜನ ಪಂಡಿತರ ಮಾತು ಮುಗಿದ ಮೇಲೆ ಬಾಯಿ ತೆರೆಯುವುದು ಕಷ್ಟ, ಮೊದಲ ಐದು ನಿಮಿಷದಲ್ಲಿ ಸುಲಭ. ಕನ್ನಡದಲ್ಲೇ ಹೇಳಿ, ಬೆಂಗಳೂರಿನ ಗುಂಪು ಅಲ್ವಾ, ಅರ್ಥ ಮಾಡುವವರು ಇದ್ದೇ ಇರುತ್ತಾರೆ. ಏನು ಹೇಳುವುದು ಎಂದರೆ, ಎಲ್ಲಿ ಸಿಕ್ಕಿಬಿದ್ದಿರಿ ಎಂದು ಹೇಳಿ. “ಇಂಥ ಪುಟದಲ್ಲಿ ನಿಂತುಬಿಟ್ಟೆ” ಎಂದರೆ ಸಾಕು. ಓದುವಾಗ ಪಕ್ಕದಲ್ಲಿ ಒಂದು ಹಳೆ ಬಿಲ್ ಪುಸ್ತಕ ಇಟ್ಟುಕೊಂಡು ಪುಟದ ನಂಬರು ಬರೆದಿಡಿ. ನಾನು ಹಾಗೇ ಮಾಡಿದ್ದು, ಬ್ಯಾಂಕಿನ ಹಳೆ ಚಲನ್ ಹಿಂದೆ. ನೀವು ಹೇಳಿದ ಕೂಡಲೇ ಇನ್ನಿಬ್ಬರು “ನಾನೂ ಅಲ್ಲೇ” ಎನ್ನದಿದ್ದರೆ ಮುಂದಿನ ಪತ್ರದಲ್ಲಿ ನನ್ನನ್ನು ಬೈಯಿರಿ.

ಹಾಗೇ ನಿಮ್ಮ ಗುಂಪು ನಡೆಸುವವರಿಗೂ ಒಂದು ಮಾತು ಮುಟ್ಟಿಸಿ. ತಾಳಮದ್ದಳೆಯಲ್ಲಿ, ಅಂದರೆ ವೇಷ ಇಲ್ಲದೆ ಕೂತು ಮಾತಾಡುವ ಯಕ್ಷಗಾನದಲ್ಲಿ, ಮಾತಾಡುವ ಒಬ್ಬ ಅರ್ಥಧಾರಿ ತನ್ನ ಪಾಂಡಿತ್ಯದಲ್ಲಿ ತಾನೇ ಮುಳುಗಿ ಮೇಲೆ ಬಾರದಿದ್ದರೆ ಹಾಡುವ ಭಾಗವತರು ಏನು ಮಾಡುತ್ತಾರೆ? ಮೆಲ್ಲ ಮುಂದಿನ ಪದ್ಯ ಎತ್ತುತ್ತಾರೆ. ಮದ್ದಳೆ ಬಡಿದ ಮೇಲೆ ಮಾತು ನಿಲ್ಲಲೇಬೇಕು. ಆನ್‌ಲೈನ್ ಗುಂಪಿಗೂ ಅಂಥ ಒಬ್ಬ ಭಾಗವತ ಬೇಕು. ನಮ್ಮಲ್ಲಿ ಅಕ್ಕನ ಮಗಳು ಆ ಕೆಲಸ ಮಾಡುತ್ತಿದ್ದಳು. ಯಾರದ್ದಾದರೂ ಮಾತು ಉದ್ದವಾದರೆ ಕಾದಂಬರಿಯ ಮುಂದಿನ ಪ್ಯಾರಾವನ್ನು ಗಟ್ಟಿಯಾಗಿ ಓದಲು ಶುರು ಮಾಡುವಳು. ಜೊತೆಗೆ ನಮ್ಮದು ಪುಕ್ಕಟೆ ಮೀಟಿಂಗು, 40 ನಿಮಿಷಕ್ಕೆ ತನ್ನಷ್ಟಕ್ಕೇ ಕಟ್ ಆಗುತ್ತಿತ್ತು. ಮೊದಲು ಅದು ಕಿರಿಕಿರಿ ಅನಿಸಿತು. ಆಮೇಲೆ ಅದರಷ್ಟು ಉಪಕಾರಿ ಯಾರೂ ಇಲ್ಲ ಎಂದು ಗೊತ್ತಾಯಿತು. ಮತ್ತೆ ಸೇರಬೇಕಾದವರು ಸೇರುತ್ತಿದ್ದರು, ಸಾಕಾದವರು ಊಟಕ್ಕೆ ಹೋಗುತ್ತಿದ್ದರು.

ಆಗಸ್ಟ್ 1ಕ್ಕೆ ಬೋಟು ಇಳಿದ ಮೇಲೆ ನಿಮಗೆ ಪುರುಸೊತ್ತು ಸಿಗುವುದಿಲ್ಲ ಎಂದು ಗೊತ್ತು. ಅಷ್ಟರೊಳಗೆ ಮುಗಿಸಿ.

ಪ್ರಶ್ನೆ: ನಮ್ಮದೂ ಇದೇ ಪುಸ್ತಕದ ಓದಿನ ಗುಂಪು. ಅದರಲ್ಲಿ ಒಬ್ಬರು ಮೊದಲ ವಾರವೇ ಕಾದಂಬರಿಯ ಕೊನೆ ಹೇಳಿಬಿಟ್ಟರು! ಆಮೇಲೆ ‘ಅಯ್ಯೋ, ಸಾರಿ’ ಅಂದರು. ನನಗೆ ಓದುವ ಉತ್ಸಾಹವೇ ಹೋಯಿತು. ಇಂಥವರಿಗೆ ಏನು ಮಾಡಬೇಕು?
— ಒಬ್ಬ ಶಿಕ್ಷಕಿ, ಬಿಜೈ, ಮಂಗಳೂರು

ಉತ್ತರ: ಏನೂ ಮಾಡಬೇಡಿ ಟೀಚರ್. ನೀವು ನಮ್ಮ ಊರಿನವರಾಗಿ ಹೀಗೆ ಕೇಳಬಹುದಾ? ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ ವಾಲಿ ಸಾಯುತ್ತಾನೆ ಎಂದು ಸಭೆಯ ಕೊನೆಯ ಸಾಲಿನ ಮಗುವಿಗೂ ಗೊತ್ತಿತ್ತು. ಬಾಣ ತಾಗಿ ಆಗಿದೆ, ಕಥೆ ಮುಗಿದಿದೆ. ಜನ ಕೂತದ್ದು ಆಮೇಲಿನ ಮಾತಿಗೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ವಾಲಿ ಕೇಳುವಾಗ, ಇವತ್ತು ರಾಮ ಏನು ಹೇಳಿ ತಪ್ಪಿಸಿಕೊಳ್ಳುತ್ತಾನೆ ಎಂಬ ಕುತೂಹಲಕ್ಕೆ. ಹೋದ ವಾರದ ರಾಮ ಹೇಳಿದ್ದೇ ಇವತ್ತಿನ ರಾಮನೂ ಹೇಳಿದರೆ ಜನ ಎದ್ದು ಚಾ ಕುಡಿಯಲು ಹೋಗುತ್ತಿದ್ದರು.

ಪತ್ತೇದಾರಿ ಕಾದಂಬರಿಯಾದರೆ ನಿಮ್ಮ ಸಿಟ್ಟು ಸರಿ. ಕೊಲೆಗಾರ ಯಾರು ಎಂದು ಮೊದಲೇ ಹೇಳಿದವರನ್ನು ಗುಂಪಿನಿಂದ ತೆಗೆದುಹಾಕಿದರೂ ನಾನು ಬೇಡ ಎನ್ನುವುದಿಲ್ಲ. ‘ಸೊಲಾರಿಸ್’ ಆ ಜಾತಿಯದ್ದಲ್ಲ. ನಂಬಿಕೆ ಇಲ್ಲದಿದ್ದರೆ ಈಗ ನಾನೂ ಹೇಳಿಬಿಡುತ್ತೇನೆ. ಬೇಡದವರು ಮುಂದಿನ ಪ್ಯಾರಾ ಬಿಟ್ಟು ಹೋಗಿ.

ಕೊನೆಯ ಅಧ್ಯಾಯದಲ್ಲಿ ಕೆಲ್ವಿನ್ ಮೊದಲ ಸಲ ಸಮುದ್ರದ ಹತ್ತಿರ ಇಳಿಯುತ್ತಾನೆ. ಅಷ್ಟು ಪುಟ ಆದ ಮೇಲೆ, ಮೊದಲ ಸಲ! ದಡದಲ್ಲಿ ಕೂತು ಕೈ ಚಾಚುತ್ತಾನೆ. ಅಲೆ ಬಂದು ಕೈಯ ಸುತ್ತ ಹರಡುತ್ತದೆ, ಆದರೆ ಮುಟ್ಟುವುದಿಲ್ಲ. ಚರ್ಮಕ್ಕೂ ಅಲೆಗೂ ನಡುವೆ ಒಂದು ತೆಳ್ಳಗಿನ ಗಾಳಿಯ ಪದರ ಉಳಿಯುತ್ತದೆ. ಕೈ ಎತ್ತಿದರೆ ಅದೂ ಏಳುತ್ತದೆ. ನಾಲ್ಕಾರು ಸಲ ಹೀಗೆ ಆದ ಮೇಲೆ ಅದಕ್ಕೆ ಬೇಜಾರು ಬಂದ ಹಾಗೆ, ಕೈ ಚಾಚಿದರೂ ಬರುವುದಿಲ್ಲ.

ಈಗ ಹೇಳಿ, ನಿಮಗೆ ಕೊನೆ ಗೊತ್ತಾಯಿತಾ? ಪಣಂಬೂರಿನಲ್ಲಿ ನೀರಿನ ಅಂಚಿಗೆ ಕಾಲು ಚಾಚಿ ಅಲೆ ಬರುವಾಗ ಹಿಂದೆ ಓಡುವ ಮಗುವನ್ನು ನೀವು ನೂರು ಸಲ ನೋಡಿರಬಹುದು. ಇಲ್ಲಿ ಕಡಲು ಆ ಮಗು. ಇದು ನನ್ನ ಅರ್ಥಗಾರಿಕೆ. ನಿಮ್ಮದು ಬೇರೆ ಇದ್ದರೆ ಅದಕ್ಕೇ ಗುಂಪು ಇರುವುದು.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಒಬ್ಬೊಬ್ಬರ ಪುಸ್ತಕದಲ್ಲಿ ಒಂದೊಂದು ಹೆಸರು. ಯಾವ ಪ್ರತಿ ತೆಗೆದುಕೊಳ್ಳುವುದು?
— ಕುಂದಾಪುರದಿಂದ ಒಬ್ಬರು

ಉತ್ತರ: ಈ ಗುಂಡಿಗೆ ನಾವೂ ಬಿದ್ದಿದ್ದೇವೆ. ನಡುವೆ ಎರಡು ವಾರ ನಮ್ಮ ಮಸ್ಕತ್‌ನವರು ‘ರೇಯಾ’ ಬಗ್ಗೆ ಮಾತಾಡಿದರು, ನಾನು ‘ಹೇರಿ’ ಬಗ್ಗೆ. ಕೆಲ್ವಿನ್‌ಗೆ ಇಬ್ಬರು ಹೆಂಡಿರು ಎಂದು ನಾನು ತಿಳಿದುಕೊಂಡೆ. ಇಬ್ಬರನ್ನು ಕಟ್ಟಿಕೊಂಡು ಅಷ್ಟು ದೂರ ಹೋದನಲ್ಲ ಎಂದು ಅವನ ಮೇಲೆ ಸಿಟ್ಟೂ ಮಾಡಿಕೊಂಡೆ. ಅದರ ಮುಂದಿನ ವಾರ ಗೊತ್ತಾಯಿತು, ಇಬ್ಬರೂ ಒಬ್ಬಳೇ.

ಆದದ್ದು ಹೀಗೆ. 1970ರಲ್ಲಿ ಬಂದ ಇಂಗ್ಲಿಷ್ ಅನುವಾದ ಪೋಲಿಷ್‌ನಿಂದ ನೇರ ಮಾಡಿದ್ದಲ್ಲ. ಪೋಲಿಷ್‌ನಿಂದ ಫ್ರೆಂಚ್, ಫ್ರೆಂಚ್‌ನಿಂದ ಇಂಗ್ಲಿಷ್. ಆ ಹಾದಿಯಲ್ಲಿ ಹೇರಿ ಎಂಬವಳು ರೇಯಾ ಆದಳು, ಕುಡಿದು ನಡುಗುತ್ತಿದ್ದ ಸ್ನೌಟ್ ಎಂಬವನು ಸ್ನೋ ಆದ. ಲೆಮ್‌ಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಈ ಅನುವಾದ ಅವರಿಗೆ ಸರಿ ಕಾಣಲಿಲ್ಲ. ಆದರೂ ಅಂಗಡಿಯಲ್ಲಿ, ಲೈಬ್ರರಿಯಲ್ಲಿ ಸಿಗುವ ಅಚ್ಚಿನ ಪುಸ್ತಕ ಹೆಚ್ಚಾಗಿ ಇದೇ. ಪೋಲಿಷ್‌ನಿಂದ ನೇರ ಮಾಡಿದ ಇಂಗ್ಲಿಷ್ ಅನುವಾದ 2011ರಲ್ಲಿ ಬಿಲ್ ಜಾನ್‌ಸ್ಟನ್ ಅವರಿಂದ ಬಂತು. ಮೊದಲು ಕೇಳುವ ಪುಸ್ತಕವಾಗಿ, ಆಮೇಲೆ ಇ-ಪುಸ್ತಕವಾಗಿ. ಲೆಮ್ 2006ರಲ್ಲೇ ತೀರಿಕೊಂಡಿದ್ದರು, ಅವರು ಅದನ್ನು ನೋಡಲಿಲ್ಲ.

ಮೊಬೈಲಿನಲ್ಲಿ ಓದುವ ಅಭ್ಯಾಸ ಇದ್ದರೆ ಹೊಸದು ತೆಗೆದುಕೊಳ್ಳಿ. ಕಣ್ಣು ನೋಯುವವರು ಹಳೆಯ ಅಚ್ಚಿನದ್ದನ್ನೇ ಓದಿ, ನಷ್ಟ ಏನಿಲ್ಲ. ಎಲ್ಲರದ್ದೂ ಒಂದೇ ಆಗಬೇಕು ಎಂದು ಹಟ ಮಾಡಬೇಡಿ. ನಮ್ಮಲ್ಲಿ ಎರಡೂ ಇದ್ದದ್ದರಿಂದ ಒಂದು ಲಾಭ ಆಯಿತು. ಒಂದು ವಾಕ್ಯ ಅರ್ಥ ಆಗದಿದ್ದರೆ “ನಿಮ್ಮದರಲ್ಲಿ ಹೇಗೆ ಉಂಟು?” ಎಂದು ಕೇಳುತ್ತಿದ್ದೆವು. ಎರಡನ್ನೂ ಪಕ್ಕ ಪಕ್ಕ ಓದಿದರೆ ಅರ್ಧ ಗಂಟು ಬಿಡುತ್ತಿತ್ತು. ಪುಟದ ನಂಬರು ಮಾತ್ರ ಹೊಂದುವುದಿಲ್ಲ. ಅಧ್ಯಾಯದ ಹೆಸರು ಹೇಳಿ ಮಾತಾಡಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಎರಡನೇ ವರ್ಷ. ವೈಜ್ಞಾನಿಕ ಕಾದಂಬರಿ ಎಂದು ಸೇರಿದೆ. ಗುಂಪಿನಲ್ಲಿ ಬರೀ ನೆನಪು, ಪ್ರೀತಿ, ದೇವರು ಎಂದೇ ಚರ್ಚೆ. ವಿಜ್ಞಾನ ಎಲ್ಲಿ?
— ಒಬ್ಬ ವಿದ್ಯಾರ್ಥಿ, ಸುರತ್ಕಲ್

ಉತ್ತರ: ನಾಲ್ಕನೆಯ ಅಧ್ಯಾಯಕ್ಕೆ ಹೋಗಪ್ಪ. ನನಗೆ ಇಡೀ ಪುಸ್ತಕದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಅಲ್ಲಿದೆ. ನನ್ನ ಗುಂಪಿನಲ್ಲಿ ಅದರ ಬಗ್ಗೆ ಯಾರೂ ಮಾತಾಡಲಿಲ್ಲ ಎಂಬ ಬೇಜಾರು ಇವತ್ತಿಗೂ ಉಂಟು.

ಸತ್ತ ಹೆಂಡತಿ ಇನ್ನೂ ಬಂದಿಲ್ಲ, ಆದರೆ ನಿಲ್ದಾಣದಲ್ಲಿ ಇರಲು ಸಾಧ್ಯವೇ ಇಲ್ಲದ ಒಬ್ಬ ಹೆಂಗಸನ್ನು ಕೆಲ್ವಿನ್ ಕಂಡಾಗಿದೆ. ಕೆಲ್ವಿನ್‌ಗೆ ಸಂಶಯ: ನನಗೆ ಹುಚ್ಚು ಹಿಡಿದಿದೆಯಾ? ಇದೆಲ್ಲ ನನ್ನ ತಲೆಯೊಳಗೇ ನಡೆಯುತ್ತಿದೆಯಾ? ಅದನ್ನು ಪರೀಕ್ಷೆ ಮಾಡುವುದು ಹೇಗೆ? ಯಾರನ್ನು ಕೇಳಿದರೂ ಆ ಉತ್ತರವನ್ನೂ ಅವನ ಹುಚ್ಚು ತಲೆಯೇ ಹುಟ್ಟಿಸಿರಬಹುದು ಅಲ್ವಾ. ಅವನು ಹೀಗೆ ಮಾಡುತ್ತಾನೆ. ಗ್ರಹದ ಸುತ್ತ ತಿರುಗುವ ಉಪಗ್ರಹದಿಂದ ಅದರ ಸ್ಥಾನದ ಅಂಕಿಗಳನ್ನು ತರಿಸಿಕೊಳ್ಳುತ್ತಾನೆ. ಬಂದ ಕಾಗದವನ್ನು ನೋಡದೆ ಡ್ರಾಯರಿನೊಳಗೆ ಇಡುತ್ತಾನೆ. ಆಮೇಲೆ ಅದೇ ಅಂಕಿಗಳನ್ನು ತಾನು ಬೇರೆಯಾಗಿ ಲೆಕ್ಕ ಹಾಕುತ್ತಾನೆ. ತಲೆಯಲ್ಲಿ ಮಾಡಲು ಆಗದಷ್ಟು ಕಷ್ಟದ ಲೆಕ್ಕ, ದೊಡ್ಡ ಯಂತ್ರ ಬೇಕು. ಕೊನೆಗೆ ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡುತ್ತಾನೆ. ಹೊಂದುತ್ತದೆ. ಅಂದರೆ ತಲೆಯ ಹೊರಗೆ ಒಂದು ಲೋಕ ನಿಜವಾಗಿ ಇದೆ. ಹುಚ್ಚಲ್ಲ. ಅವನಿಗೆ ಅದರಿಂದ ಸಮಾಧಾನ ಆಗುವುದಿಲ್ಲ, ಅದು ಬೇರೆ ಮಾತು.

ನಾನು ಬ್ಯಾಂಕಿಗೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಸಂಜೆ ಲೆಡ್ಜರು ಒಬ್ಬರು ಕೂಡುವುದು, ಡೇ ಬುಕ್ ಇನ್ನೊಬ್ಬರು. ಒಬ್ಬರ ಮೊತ್ತ ಇನ್ನೊಬ್ಬರು ಮೊದಲೇ ನೋಡುವ ಹಾಗಿಲ್ಲ. ನೋಡಿದರೆ ಕೈ ತಾನಾಗಿ ಅದೇ ಮೊತ್ತಕ್ಕೆ ಹೋಗುತ್ತದೆ. ಎಂಟು ಗಂಟೆಯ ತನಕ ಹತ್ತು ಪೈಸೆ ಹುಡುಕಿದ್ದೂ ಉಂಟು. ಟ್ಯಾಲಿ ಆದಾಗ ಆಗುತ್ತಿದ್ದ ಆ ಒಂದು ಹಗುರ, ಅದನ್ನು ಕಾದಂಬರಿಯಲ್ಲಿ ಓದುತ್ತೇನೆ ಎಂದು ನಾನು ಎಣಿಸಿರಲಿಲ್ಲ. ಪ್ರಯೋಗ ಎಂದರೆ ಏನು ಎಂದು ಇದಕ್ಕಿಂತ ಚೆನ್ನಾಗಿ ಹೇಳಿದ ಪಠ್ಯಪುಸ್ತಕ ನಾನು ಓದಿಲ್ಲ.

ಆ ಗ್ರಹದ ಹಾದಿಯ ಲೆಕ್ಕವನ್ನೂ ನೋಡು. ಎರಡು ಸೂರ್ಯರ ಎಳೆತದಲ್ಲಿ ಅದರ ಹಾದಿ ಕೆಡಬೇಕು, ಕೆಡುವುದಿಲ್ಲ. ಸಮುದ್ರವೇ ಹೇಗೋ ಅದನ್ನು ಸರಿ ಮಾಡಿಕೊಳ್ಳುತ್ತದೆ. ಅಲ್ಲಿಂದಲೇ ಅದಕ್ಕೆ ಬುದ್ಧಿ ಇದೆಯಾ ಎಂಬ ಜಗಳ ಶುರು. ನೀನು ಭೌತಶಾಸ್ತ್ರ ಓದುವವನು. ಇದನ್ನು ನಿನ್ನ ಗುಂಪಿಗೆ ಐದು ನಿಮಿಷದಲ್ಲಿ ವಿವರಿಸಿದರೆ ಪ್ರೀತಿ, ದೇವರು ಎನ್ನುವವರೂ ಕಿವಿ ಕೊಡುತ್ತಾರೆ. ಅವರು ಮಾತಾಡುವಾಗ ನೀನೂ ಕೊಡು. ವಿಜ್ಞಾನಿಗಳ ಸಮಿತಿ ಬೆರ್ಟನ್ ಎಂಬ ಪೈಲಟ್‌ನ ಮಾತನ್ನು ಭ್ರಮೆ ಎಂದು ತಳ್ಳಿಹಾಕಿದ ಕಥೆ ಆರನೆಯ ಅಧ್ಯಾಯದಲ್ಲಿದೆ. ಅವನು ಕಂಡದ್ದು ಸಮುದ್ರದ ಮೇಲೆ ಸುಮಾರು ನಾಲ್ಕು ಮೀಟರ್ ಎತ್ತರದ ಒಂದು ಮಗು. ಅದನ್ನು ಓದಿದ ಮೇಲೆ ಮತ್ತೆ ನನಗೆ ಬರೆ.

ಪ್ರಶ್ನೆ: ಇಷ್ಟೆಲ್ಲ ಕಷ್ಟ ಯಾಕೆ? ಸಿನಿಮಾ ಉಂಟಲ್ಲ, ನೋಡಿದರೆ ಸಾಲದಾ?
— ಕಾಪುವಿನಿಂದ ಒಬ್ಬರು

ಉತ್ತರ: ಸಾಲದು. 1972ರಲ್ಲಿ ರಷ್ಯಾದ ನಿರ್ದೇಶಕ ತಾರ್ಕೊವ್‌ಸ್ಕಿ ಮಾಡಿದ್ದು ಒಂದು, 2002ರಲ್ಲಿ ಹಾಲಿವುಡ್‌ನವರು ಮಾಡಿದ್ದು ಇನ್ನೊಂದು. ತಾರ್ಕೊವ್‌ಸ್ಕಿ ಜೊತೆ ಲೆಮ್ ಜಗಳವೇ ಆಡಿದರು. ತನ್ನ ಪುಸ್ತಕ ಬಿಟ್ಟು ಬೇರೇನೋ ಮಾಡಿದ್ದಾರೆ ಎಂದು ಅವರ ದೂರು. ಕಾದಂಬರಿ ಶುರುವಾಗುವುದೇ ಕೆಲ್ವಿನ್ ನಿಲ್ದಾಣಕ್ಕೆ ಇಳಿಯುವಲ್ಲಿ. ಸಿನಿಮಾದಲ್ಲಿ ಅವನು ಹೊರಡುವ ಮೊದಲು ಭೂಮಿಯ ಮೇಲೆ, ಅಪ್ಪನ ಮನೆಯಲ್ಲಿ, ಸುಮಾರು ಹೊತ್ತು ಕಳೆಯುತ್ತಾನೆ. ಆ ಕೆರೆ, ಆ ಮಳೆ ಎಲ್ಲ ತುಂಬ ಚೆಂದ. ಬೇಡ ಎನ್ನುವುದಿಲ್ಲ. ಆದರೆ ಎರಡನೆಯ ಅಧ್ಯಾಯದ ಆ ಲೈಬ್ರರಿಯ ತಮಾಷೆ ಸಿನಿಮಾದಲ್ಲಿ ಇಲ್ಲ, ಡ್ರಾಯರಿನೊಳಗೆ ಇಟ್ಟ ಆ ಕಾಗದವೂ ಇಲ್ಲ.

ಓದು ಮುಗಿದ ಮೇಲೆ ನಾವು ಉಳಿದ ಐದು ಜನ ಒಟ್ಟಿಗೆ ತಾರ್ಕೊವ್‌ಸ್ಕಿಯ ಸಿನಿಮಾ ನೋಡಿದೆವು, ಅವರವರ ಮನೆಯಲ್ಲಿ, ಒಂದೇ ಹೊತ್ತಿಗೆ ಶುರು ಮಾಡಿ. ಎರಡೂಮುಕ್ಕಾಲು ಗಂಟೆ. ಅದರಲ್ಲಿ ಒಂದು ಕಡೆ ಒಂದು ಕಾರು ಊರಿನ ದೊಡ್ಡ ರಸ್ತೆಯಲ್ಲಿ, ಸುರಂಗದಲ್ಲಿ ಹೋ...ಗುತ್ತಾ ಇರುತ್ತದೆ. ಮಾತಿಲ್ಲ. ನಾನು ಎದ್ದು ಹೋಗಿ ಗಂಜಿಗೆ ನೀರಿಟ್ಟೆ, ಅಕ್ಕಿ ತೊಳೆದೆ, ಹಿತ್ತಲಿನ ಬಾಗಿಲು ಹಾಕಿ ಬಂದು ಕೂತೆ. ಕಾರು ಇನ್ನೂ ಹೋಗುತ್ತಿತ್ತು.